ಅವ್ವ ಯೇಸುವನ್ನು ಮರೆತರೆ

ಮಾಸಿಕ ಉಪವಾಸ ಪ್ರಾರ್ಥನೆಯಲ್ಲಿ ಹಂಚಿಕೊಂಡ ದೇವರ ವಾಕ್ಯ. ಓದಿದ ಭಾಗಗಳು: ಯೆಶಾಯ 49:14-16; ಯೋಹಾನ 20:11-18; ಫಿಲೆಮೋನನಿಗೆ ಬರೆದ ಪತ್ರಿಕೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದಿದ್ದೀರಿ. ಕೆಲವರು ನಸುಕಿನಲ್ಲಿ ಎದ್ದು ಟಂಟಂ ಹಿಡಿದು, ಎರಡು ಬಸ್ ಬದಲಿಸಿ ಬಂದಿದ್ದೀರಿ. ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ಇಲ್ಲ. ದೇವರು ನಿಮ್ಮನ್ನು ಬಲಪಡಿಸಲಿ.

ಇವತ್ತಿನ ಪ್ರಶ್ನೆ ನನ್ನದಲ್ಲ. ಹೋದ ತಿಂಗಳು ಆರಾಧನೆ ಮುಗಿದ ಮೇಲೆ ಒಬ್ಬ ತಮ್ಮ ಚಪ್ಪಲಿ ಬಿಡುವ ಜಾಗದಲ್ಲಿ ನನ್ನನ್ನು ನಿಲ್ಲಿಸಿ ಕೇಳಿದ. ಅವನ ಒಪ್ಪಿಗೆ ತೆಗೆದುಕೊಂಡೇ ಹೇಳುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಅವನು ಹೇಳಿದ್ದು ಹೀಗೆ: "ಪಾಸ್ಟರ್, ಅವ್ವಗ ಈಗ ನಾನು ಯಾರಂತ ಗೊತ್ತಾಗೂದಿಲ್ರಿ. ಅದನ್ನ ತಡಕೋತೀನಿ. ಮೊನ್ನೆ ಪ್ರಾರ್ಥನಾ ಮಾಡಾಕ ಕುಂತಾಗ, ಯೇಸಪ್ಪ ಅಂದ್ರ ಯಾರಪಾ ಅಂತ ಕೇಳಿದ್ಳು. ಸಣ್ಣಾಕಿ ಇದ್ದಾಗ ನಡಕೋತಿದ್ದ ದೇವರ ಹೆಸರು ಹಿಡದು ಕೈ ಮುಗೀತಾಳ. ಅಕಿ ಸತ್ರ ಎಲ್ಲಿಗೆ ಹೋಗ್ತಾಳ್ರಿ?"

ನಾನು ಸುಮ್ಮನೆ ನಿಂತೆ. ಯಾಕೆಂದರೆ ಆ ತಾಯಿ ನನಗೆ ಗೊತ್ತು. ನಾನು ಈ ಸೇವೆಗೆ ಬಂದಾಗ ನಮ್ಮ ಸಭೆಗೆ ಛಾವಣಿ ಇರಲಿಲ್ಲ. ಅವರ ಮನೆಯ ಪಡಸಾಲೆಯಲ್ಲೇ ಕೂಡುತ್ತಿದ್ದೆವು. ಓದಲು ಬರದ ತಾಯಿ, ಆದರೆ ಕೀರ್ತನೆಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು. ನನ್ನ ಸಂದೇಶದಲ್ಲಿ ವಚನದ ಸಂಖ್ಯೆ ತಪ್ಪಿದರೆ ಕೆಳಗೆ ಕೂತಲ್ಲಿಂದಲೇ ತಿದ್ದುತ್ತಿದ್ದಳು. ಅಂಥವಳು ಈಗ ಯೇಸು ಯಾರು ಎಂದು ಕೇಳುತ್ತಾಳೆ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಅದಕ್ಕೂ ಎರಡು ವಾರ ಮೊದಲು ನಾನು ಅವರ ಮನೆಗೆ ಹೋಗಿ ಮರೆವಿನ ಆತ್ಮವನ್ನು ಗದರಿಸಿ ಪ್ರಾರ್ಥಿಸಿದ್ದೆ. ಜೋರಾಗಿ. ತಲೆಯ ಮೇಲೆ ಕೈ ಇಟ್ಟು. ಆ ತಾಯಿ ಹೆದರಿ ಸೊಸೆಯ ಸೆರಗಿನ ಹಿಂದೆ ಅಡಗಿಕೊಂಡಳು. ಮನೆಯಲ್ಲಿ ಯಾರೋ ಅಪರಿಚಿತ ಬಂದು ತನ್ನನ್ನು ಬೈಯುತ್ತಿದ್ದಾನೆ ಅಂತ ಅವಳಿಗೆ ಅನಿಸಿತು. ಅವಳ ಕಡೆಯಿಂದ ನೋಡಿದರೆ ನಡೆದದ್ದೂ ಅದೇ. ನಮ್ಮ ದೇವರು ದೆವ್ವಗಳನ್ನು ಓಡಿಸುವ ದೇವರು, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಮಿದುಳಿಗೆ ಬಂದ ಕಾಯಿಲೆಯನ್ನು ದೆವ್ವ ಅಂದದ್ದು ನನ್ನ ತಪ್ಪು. ಆಮೇಲೆ ಮಗನಿಗೆ ಹೇಳಿ ವಿಜಯಪುರಕ್ಕೆ ಕರಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆವು. ಡಿಮೆನ್ಷಿಯಾ ಅಂದರು.

ಈಗ ಆ ತಮ್ಮನ ಪ್ರಶ್ನೆಗೆ ಬರೋಣ. ದೀಕ್ಷಾಸ್ನಾನ ತೆಗೆದುಕೊಂಡ ಹೆಣ್ಣುಮಗಳೂ ಈಗ ಹೊರಸಿನ ಮೇಲೆ ಕೂತಿರುವ ಈ ಮುದುಕಿಯೂ ಒಬ್ಬಳೇ ಏನು? ಒಬ್ಬಳೇ ಆದರೆ, ಯಾವುದರಿಂದ ಒಬ್ಬಳು?

ಬೈಬಲ್ ಕಾಲೇಜಿನಲ್ಲಿ ಇದನ್ನು ತತ್ವಶಾಸ್ತ್ರದ ಪಾಠವಾಗಿ ಓದಿದ್ದೆ. ಪರೀಕ್ಷೆಗೆ ಬರೆದು ಮರೆತಿದ್ದೆ. ಜಾನ್ ಲಾಕ್ ಎಂಬ ಇಂಗ್ಲಿಷ್ ತತ್ವಜ್ಞಾನಿ 1694ರಲ್ಲಿ ತನ್ನ ದೊಡ್ಡ ಪುಸ್ತಕದ ಎರಡನೇ ಆವೃತ್ತಿಗೆ ಇದರ ಬಗ್ಗೆಯೇ ಒಂದು ಅಧ್ಯಾಯ ಸೇರಿಸಿದ. ಅವನ ಮಾತಿನ ಸಾರ ಇಷ್ಟು: ದೇಹ ಬದಲಾಗುತ್ತದೆ, ನನ್ನನ್ನು ನಾನು ಮಾಡುವುದು ನನ್ನ ಅರಿವು, ನನ್ನ ನೆನಪು. ಒಬ್ಬ ರಾಜಕುಮಾರನ ನೆನಪೆಲ್ಲ ಚಪ್ಪಲಿ ಹೊಲಿಯುವವನ ದೇಹದೊಳಗೆ ಬಂದರೆ ಅಲ್ಲಿ ಕೂತವನು ರಾಜಕುಮಾರನೇ ಅಂದ. ಲಾಕ್ ನ್ಯಾಯತೀರ್ಪಿನ ದಿನವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದ. ಓದುವಾಗ ಬಹಳ ಸರಿ ಅನಿಸಿತ್ತು. ಆದರೆ ಈ ಅಳತೆಗೋಲು ಹಿಡಿದು ಅವ್ವನನ್ನು ಅಳೆದು ನೋಡ್ರಿ. ವಿಶ್ವಾಸಿಯಾಗಿದ್ದ ಆ ಹೆಣ್ಣುಮಗಳು ಈಗ ಎಲ್ಲಿಯೂ ಇಲ್ಲ ಅಂತಾಗುತ್ತದೆ. ಹೂಳುವ ಮೊದಲೇ ಹೋದಳು ಅಂತಾಗುತ್ತದೆ.

ಇದಕ್ಕೆ ಉತ್ತರ ಕೊಟ್ಟವನು ಥಾಮಸ್ ರೀಡ್. ಸ್ಕಾಟ್ಲೆಂಡಿನವನು, ಕಾಲೇಜಿನಲ್ಲಿ ಕಲಿಸುವ ಮೊದಲು ಹಳ್ಳಿಯ ಸಭೆಯೊಂದರ ಪಾಲಕನಾಗಿದ್ದವನು. ಅದಕ್ಕೇ ಇರಬೇಕು, ಅವನ ಉದಾಹರಣೆ ನಮ್ಮಂಥವರಿಗೂ ತಿಳಿಯುತ್ತದೆ. 1785ರಲ್ಲಿ ಬರೆದ. ಒಬ್ಬ ಹುಡುಗ ತೋಟದಲ್ಲಿ ಹಣ್ಣು ಕದ್ದು ಹೊಡೆತ ತಿಂದ. ಇಂಡಿ ಕಡೆಯವರು ಲಿಂಬೆ ತೋಟ ಅಂತ ಇಟ್ಟುಕೊಳ್ಳಿ, ಕದ್ದವನು ಲಿಂಬೆ ತಿನ್ನಲಿಕ್ಕಿಲ್ಲ, ಮಾರಿರಬೇಕು. ಅದೇ ಹುಡುಗ ದೊಡ್ಡವನಾಗಿ ಸೈನ್ಯಕ್ಕೆ ಸೇರಿ ಶತ್ರುವಿನ ಧ್ವಜ ಕಿತ್ತುಕೊಂಡ. ಮುಪ್ಪಿನಲ್ಲಿ ಸೇನಾಪತಿ ಆದ. ಧ್ವಜ ಕಿತ್ತುಕೊಂಡಾಗ ಅವನಿಗೆ ಹೊಡೆತದ ನೆನಪಿತ್ತು. ಸೇನಾಪತಿ ಆದಾಗ ಧ್ವಜದ ನೆನಪಿತ್ತು, ಹೊಡೆತ ಮರೆತಿತ್ತು. ನೆನಪೇ ಮನುಷ್ಯ ಅನ್ನುವುದಾದರೆ ಸೇನಾಪತಿ ಆ ಹುಡುಗ ಹೌದು, ಅಲ್ಲ, ಎರಡೂ ಆಗಬೇಕು. ಆಗಲಾರದು. ನಾನು ಯಾರು ಅಂತ ನೆನಪು ನನಗೆ ತೋರಿಸುತ್ತದೆ, ಆದರೆ ನೆನಪು ನನ್ನನ್ನು ಮಾಡುವುದಿಲ್ಲ ಅಂತ ರೀಡ್ ಹೇಳಿದ. ನಮ್ಮ ಕಡೆ ಹೇಳೋದಾದ್ರೆ ನೆನಪು ಉತಾರ ಇದ್ದಂಗ. ಹೊಲ ಯಾರದು ಅಂತ ಉತಾರ ತೋರಿಸ್ತದ. ಟ್ರಂಕಿನೊಳಗೆ ಉತಾರ ಗೆದ್ದಲು ತಿಂದರೆ ಹೊಲ ಹೋಗೋದಿಲ್ಲ.

ಆ ಹುಡುಗನ ಕಳವಿನ ಹತ್ತಿರ ಸ್ವಲ್ಪ ನಿಲ್ಲೋಣ. ಸೇನಾಪತಿ ಮರೆತ ಮಾತ್ರಕ್ಕೆ ತೋಟದವನ ಹಣ್ಣು ವಾಪಸ್ ಬಂತೇನು? ಇದನ್ನು ಕೇಳುವುದಕ್ಕೆ ಕಾರಣ ಇದೆ. ಅವ್ವ ಮರೆಯಬಾರದ್ದನ್ನು ಮರೆತಿದ್ದಾಳೆ. ನಮ್ಮಲ್ಲಿ ಕೆಲವರು ನೆನಪಿದ್ದದ್ದನ್ನು ಬೇಕಂತಲೇ ಮರೆಯುತ್ತಾರೆ, ಅದೂ ವಾಕ್ಯ ಹಿಡಿದುಕೊಂಡು.

ಸಿಂದಗಿ ಕಡೆಯ ಒಬ್ಬ ಸಹೋದರ. ಮೊದಲು ಕುಡಿತ, ಇಸ್ಪೀಟು, ಮನೆಯಲ್ಲಿ ಹೊಡೆದಾಟ. ಕರ್ತನು ಮುಟ್ಟಿದ. ನಿಜವಾಗಿ ಮುಟ್ಟಿದ, ಅವನ ಹೆಂಡತಿಯ ಮುಖ ನೋಡಿದರೆ ಗೊತ್ತಾಗುತ್ತದೆ. ದೀಕ್ಷಾಸ್ನಾನದ ದಿನ ಸಾಕ್ಷಿ ಹೇಳಿದ: ಹಳೆ ಮನುಷ್ಯ ಈ ನೀರಿನಲ್ಲೇ ಸತ್ತ, ಇವತ್ತಿನಿಂದ ನಾನು ಬೇರೆಯವನು. ನಾವೆಲ್ಲ ಹಲ್ಲೆಲೂಯಾ ಅಂದೆವು, ನಾನೇ ಎಲ್ಲರಿಗಿಂತ ಜೋರಾಗಿ. ಒಂದು ತಿಂಗಳಾದ ಮೇಲೆ ಅವನ ಪಕ್ಕದ ಹೊಲದವರು ನನ್ನ ಮನೆಗೆ ಬಂದರು. ವಿಶ್ವಾಸಿ ಅಲ್ಲ, ಹಣೆಗೆ ವಿಭೂತಿ ಹಚ್ಚಿದ ಹಿರಿಯರು. ಬೋರ್‌ವೆಲ್ ಕೊರೆಸಲು ಇವನಿಗೆ 40,000 ರೂಪಾಯಿ ಕೈಗಡ ಕೊಟ್ಟಿದ್ದರಂತೆ. ಬೋರ್‌ವೆಲ್ ಕೊರೆಸಲೇ ಇಲ್ಲ, ದುಡ್ಡು ಕುಡಿತಕ್ಕೆ ಹೋಯಿತು. ಈಗ ಕೇಳಿದರೆ, ನಿಮ್ಮ ಹತ್ತಿರ ಇಸಕೊಂಡವ ಸತ್ತಾನ್ರಿ ಕಾಕಾ, ನಾ ಹೊಸ ಮನುಷ್ಯ ಅಂತಾನಂತೆ. ಆ ಹಿರಿಯರು ಸಿಟ್ಟಾಗಲಿಲ್ಲ. ಚಹಾ ಕುಡಿದು ನನಗೆ ಒಂದೇ ಮಾತು ಕೇಳಿದರು: "ಸರ, ನಿಮ್ಮ ನೀರಾಗ ಮನಶ್ಯಾ ಮುಳುಗಿದ್ರ ಸಾಲನೂ ಮುಳುಗ್ತದೇನ್ರಿ?"

ನನಗೆ ತಲೆ ಎತ್ತಲಾಗಲಿಲ್ಲ.

ಪ್ರಿಯರೇ, ಕ್ರಿಸ್ತನಲ್ಲಿ ಇರುವವನು ಹೊಸ ಸೃಷ್ಟಿ ಅಂತ ಎರಡನೇ ಕೊರಿಂಥ 5:17ರಲ್ಲಿ ಪೌಲನು ಬರೆದಿದ್ದಾನೆ. ಅದು ಸತ್ಯ. ಆದರೆ ಬರೆದವನು ಹೇಗೆ ನಡೆದುಕೊಂಡ ನೋಡ್ರಿ. ದಮಸ್ಕದ ದಾರಿಯಲ್ಲಿ ಸೌಲ ಸತ್ತ, ಪೌಲ ಹುಟ್ಟಿದ ಅಂತ ನಾವು ಸಂಡೇ ಸ್ಕೂಲಿನಲ್ಲಿ ಕಲಿಸುತ್ತೇವೆ. ವಾಕ್ಯದಲ್ಲಿ ಹಾಗಿಲ್ಲ. ದಮಸ್ಕದ ನಂತರವೂ ಅವನನ್ನು ಸೌಲ ಎಂದೇ ಕರೆಯುತ್ತಾರೆ. ಅಪೊಸ್ತಲರ ಕೃತ್ಯಗಳು 13:9ರಲ್ಲಿ, ಅವನಿಗೆ ಪೌಲ ಎಂಬ ಹೆಸರೂ ಇತ್ತು ಅಂತ ಮಾತ್ರ ಇದೆ. ಎರಡು ಹೆಸರು, ಒಬ್ಬ ಮನುಷ್ಯ. ನಮ್ಮಲ್ಲೂ ಎಷ್ಟೋ ಜನಕ್ಕೆ ಸಭೆಯಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಆ ಪೌಲ ತಾನು ಸಭೆಯನ್ನು ಹಿಂಸಿಸಿದ್ದನ್ನು ಜನರ ಮುಂದೆ, ಅರಸರ ಮುಂದೆ ನಾನೇ ಮಾಡಿದ್ದು ಅಂತ ಹೇಳುತ್ತಾನೆ. ತಿಮೊಥೆಯನಿಗೆ ಬರೆಯುವಾಗ ಪಾಪಿಗಳಲ್ಲಿ ತಾನೇ ಮೊದಲನೆಯವನು ಅನ್ನುತ್ತಾನೆ, ಗ್ರೀಕ್ ಮೂಲದಲ್ಲಿ ಅದು ವರ್ತಮಾನ ಕಾಲ. ಆಗಿದ್ದೆ ಅಂತಲ್ಲ, ಆಗಿದ್ದೇನೆ ಅಂತ. ಜಕ್ಕಾಯನೂ ಅಷ್ಟೇ. ರಕ್ಷಣೆ ಮನೆಗೆ ಬಂದ ದಿನವೇ ಅನ್ಯಾಯದ ದುಡ್ಡಿಗೆ ನಾಲ್ಕರಷ್ಟು ಕೊಡುತ್ತೇನೆ ಅಂದ.

ನಾವು ಓದಿದ ಫಿಲೆಮೋನನ ಪತ್ರಿಕೆ ಒಂದೇ ಅಧ್ಯಾಯ, 25 ವಚನ. ಒನೇಸಿಮ ಎಂಬ ದಾಸ ಧಣಿಯನ್ನು ಬಿಟ್ಟು ಹೋಗಿದ್ದ. ಸೆರೆಯಲ್ಲಿದ್ದ ಪೌಲನ ಹತ್ತಿರ ವಿಶ್ವಾಸಿ ಆದ. ಹಿಂದೆ ಕೆಲಸಕ್ಕೆ ಬಾರದವನು ಈಗ ಉಪಯುಕ್ತನಾದ ಅಂತ ಪೌಲ ಅವನ ಹೆಸರಿನ ಅರ್ಥ ಹಿಡಿದೇ ಹೇಳುತ್ತಾನೆ. ಇನ್ನು ಮೇಲೆ ದಾಸ ಅಲ್ಲ, ಪ್ರಿಯ ಸಹೋದರ ಅನ್ನುತ್ತಾನೆ. ಇಷ್ಟು ಹೊಸಬನಾದ ಮನುಷ್ಯನ ಹಳೆ ಲೆಕ್ಕವನ್ನು ಪೌಲ ಏನು ಮಾಡಿದ? ಆ ಲೆಕ್ಕದವನು ಸತ್ತ ಅಂತ ಬರೆಯಲಿಲ್ಲ. ಅವನಿಂದ ನಷ್ಟ ಆಗಿದ್ದರೆ, ಸಾಲ ಇದ್ದರೆ ನನ್ನ ಲೆಕ್ಕಕ್ಕೆ ಹಚ್ಚು, ನಾನು ತೀರಿಸುತ್ತೇನೆ ಅಂತ ಸ್ವಂತ ಕೈಯಿಂದ ಬರೆದ. ಶಿಲುಬೆಯಲ್ಲಿ ನಡೆದದ್ದೂ ಇದೇ ಅಲ್ಲವಾ? ನಮ್ಮ ಸಾಲ ಇಲ್ಲದ ಸಾಲ ಆಗಿ ಮಾಯವಾಗಲಿಲ್ಲ. ಒಬ್ಬ ತೆತ್ತ.

ಆ ಸಹೋದರನಿಗೆ ಇದನ್ನೇ ಹೇಳಿದೆ. ಮೂರು ಭಾನುವಾರ ಸಭೆಗೆ ಬರಲಿಲ್ಲ. ನಾಲ್ಕನೇ ವಾರ ಬಂದ. ಎರಡು ಮೇಕೆ ಮಾರಿ ಮೊದಲ ಕಂತು ಕೊಟ್ಟಿದ್ದಾನೆ, ಇನ್ನೂ ತೀರಿಲ್ಲ. ಪಾಸ್ಟರ್, ಸಾಲ ತೀರಿಸಿದರೆ ಆ ಕಾಕಾ ಸಭೆಗೆ ಬರಬಹುದು ಅಂದ. ಅವರು ಬರಲಿ ಅಂತ ತೀರಿಸಬೇಡ, ಸಾಲ ಇದೆ ಅಂತ ತೀರಿಸು ಅಂದೆ.

ನನಗೆ ಇದರಲ್ಲಿ ಕಂಡದ್ದು ಏನೆಂದರೆ, ನಾನು ಯಾರು ಅನ್ನುವುದು ನನ್ನ ಬಾಯಿಯೊಂದೇ ತೀರ್ಮಾನಿಸುವ ಮಾತಲ್ಲ. ಪಕ್ಕದ ಹೊಲದ ಹಿರಿಯರಿಗೂ ಅದರಲ್ಲಿ ಪಾಲಿದೆ. ನಾನು ಮರೆತರೂ ಅವರು ನನ್ನನ್ನು ಹಿಡಿದಿದ್ದಾರೆ. ಸಾಲದ ವಿಷಯದಲ್ಲಿ ಇದು ಕಹಿ ಅನಿಸುತ್ತದೆ. ಆದರೆ ಸಾಲಗಾರನ ನೆನಪು ತನ್ನನ್ನು ತಾನು ಮರೆತವನನ್ನೂ ಹಿಡಿದು ನಿಲ್ಲಿಸಬಲ್ಲದಾದರೆ, ಪ್ರೀತಿಸುವವರ ನೆನಪು ಹಿಡಿಯಲಾರದೇ?

ಈಗ ಅವ್ವನ ಕಡೆ ತಿರುಗೋಣ. ಅವಳನ್ನು ಕೊಟ್ಟದ್ದು ಕೃಷ್ಣಾ ದಂಡೆಯ ಒಂದು ಊರಿಗೆ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಯವರ ಕೈಯಿಂದ. ಜಲಾಶಯಕ್ಕೆ ಅವರದೇ ಹೆಸರು. ನೀರು ನಿಂತದ್ದು ಎಷ್ಟೋ ವರ್ಷದ ಮೇಲೆ. ನಿಂತಾಗ ಊರುಗಳು ಹೋದವು. ಬಾಗಲಕೋಟೆಯವರು ನವನಗರಕ್ಕೆ ಹೋದರು, ಕೊಲ್ಹಾರದವರು ಮೇಲೆ ಹೊಸ ಊರು ಕಟ್ಟಿಕೊಂಡರು. ಕೊಲ್ಹಾರದ ಮೊಸರು ತಿಂದಿದ್ದೀರಿ, ಗಡಿಗೆಯಲ್ಲಿ ಮಾರುವುದು. ಊರು ಸರಿದರೂ ಅದಕ್ಕೆ ಕೊಲ್ಹಾರದ ಮೊಸರು ಅಂತಲೇ ಹೆಸರು, ಕೇಳಿ ತಗೊಳ್ಳುತ್ತಾರೆ. ಹಾಗಾದರೆ ಊರು ಅಂದರೆ ಯಾವುದು? ಮಣ್ಣು ನೀರಿನಡಿ ಇದೆ. ಗೋಡೆ, ಬಾವಿ, ಬೇವಿನ ಮರ ಒಂದೂ ಜೊತೆಗೆ ಬರಲಿಲ್ಲ. ಆದರೂ ಅದೇ ಊರು ಅಂತ ನಾವು ಯಾರೂ ಅನುಮಾನ ಪಡುವುದಿಲ್ಲ. ನಮ್ಮ ಜಿಲ್ಲೆಯನ್ನೇ ನೋಡ್ರಿ, 1997ರಲ್ಲಿ ಬಾಗಲಕೋಟೆ ಬೇರೆ ಆಯಿತು, 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಯಿತು. ಗಡಿ ಬದಲಾಯಿತು, ಹೆಸರು ಬದಲಾಯಿತು, ನಾವು ಮಾತ್ರ ಅದೇ ಜಿಲ್ಲೆಯವರು ಅನ್ನುತ್ತೇವೆ. ಕರೆಯುವವರು ಇದ್ದಾರೆ, ಅದಕ್ಕೇ ಊರು ಇದೆ. ಈಗ 519.6 ಮೀಟರಿಗೆ ನಿಲ್ಲುವ ನೀರನ್ನು 524.256ಕ್ಕೆ ಏರಿಸುವ ಮಾತು ಬಹಳ ವರ್ಷದಿಂದ ನಡೆದಿದೆ. ದಂಡೆಯ ಊರಿನವರಿಗೆ ಈ ಸಂಖ್ಯೆ ವಚನದ ಸಂಖ್ಯೆಯಂತೆ ಬಾಯಿಪಾಠ.

ಅವ್ವನಿಗೆ ಈಗಿನ ಮನೆ ಗೊತ್ತಿಲ್ಲ. ಪುನರ್ವಸತಿ ಕೇಂದ್ರದ ಮನೆ, ಮಗ ಕಟ್ಟಿಸಿದ ಮೇಲಿನ ಖೋಲಿ, ಒಂದೂ ನೆನಪಿಲ್ಲ. ಸಂಜೆಯಾದರೆ ಬಾಗಿಲಿಗೆ ಬಂದು, ನಡೀರಿ ಮನಿಗೆ ಹೋಗೂನು, ದನಾ ಬರೂ ಹೊತ್ತಾತು ಅನ್ನುತ್ತಾಳೆ. ಯಾವ ಮನೆ? ನೀರಿನಡಿ ಇರುವ ಮನೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅದರ ಪಾಯದ ಕಲ್ಲು ಕಾಣುತ್ತವೆ. ಅವಳ ಒಳಗೂ ಹಾಗೇ ಆಗಿದೆ, ಮೇಲಿನದೆಲ್ಲ ಇಳಿದು ತಳದ ಕಲ್ಲು ಕಾಣುತ್ತಿವೆ. ಏಳು ವರ್ಷದ ಹುಡುಗಿ ಕಲಿತ ದೇವರ ಹೆಸರು ಆ ತಳದಲ್ಲಿತ್ತು. ಅದು ಬಾಯಿಗೆ ಬರುತ್ತದೆ. ಅವಳು ಕರ್ತನನ್ನು ಬಿಟ್ಟು ಹಿಂದಿರುಗಿದಳು ಅಂತ ನಮ್ಮ ಸಭೆಯಲ್ಲೇ ಕೆಲವರು ಮಾತಾಡಿದ್ದು ನನ್ನ ಕಿವಿಗೆ ಬಿದ್ದಿದೆ. ಹಿಂದಿರುಗಬೇಕಾದರೆ ದಾರಿ ಗೊತ್ತಿರಬೇಕು. ಅವ್ವನಿಗೆ ಬಚ್ಚಲಮನೆಯ ದಾರಿ ಗೊತ್ತಿಲ್ಲ. ದಯವಿಟ್ಟು ಆ ಮಾತು ಆಡಬೇಡಿ.

ಈ ಕಾಯಿಲೆಯನ್ನು 1906ರಲ್ಲಿ ಮೊದಲು ವಿವರಿಸಿದ ಜರ್ಮನ್ ವೈದ್ಯ ಆಲೋಯಿಸ್ ಆಲ್ಝೈಮರ್ ನೋಡಿದ ರೋಗಿ ಆಗುಸ್ಟೆ ಡಿಟರ್ ಎಂಬ ಹೆಂಗಸು. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಬಂದಾಗ 51 ವರ್ಷ. ಹೆಸರು ಬರೆಯಲು ಹೇಳಿದರೆ ಪೂರ್ತಿ ಬರೆಯಲು ಆಗುತ್ತಿರಲಿಲ್ಲ. ತಾನು ತನ್ನನ್ನೇ ಕಳೆದುಕೊಂಡೆ ಅನ್ನುತ್ತಿದ್ದಳಂತೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಳೆದುಕೊಂಡೆ ಅಂತ ಹೇಳಿದವಳು ಯಾರು? ಹೇಳಲು ಒಬ್ಬಳು ಉಳಿದಿದ್ದಳಲ್ಲ.

ಹೋದ ವಾರ ಅವ್ವನ ಮನೆಯಲ್ಲಿ ನನ್ನ ಹೆಂಡತಿ ಒಂದು ಹಳೆ ಹಾಡು ಹಾಡಿದಳು. ಅವ್ವ ತಾಳ ತಪ್ಪದೆ ಚಪ್ಪಾಳೆ ಹೊಡೆದಳು, ತುಟಿ ಅಲ್ಲಾಡಿತು. ಮಗ ಅತ್ತುಬಿಟ್ಟ. ನನಗೂ ಖುಷಿ ಆಯಿತು: ಅವಳು ಒಳಗಿದ್ದಾಳೆ, ಇನ್ನೂ ಇದ್ದಾಳೆ! ಬೈಕಿನಲ್ಲಿ ವಾಪಸ್ ಬರುವಾಗ ಮನಸ್ಸು ತಣ್ಣಗಾಯಿತು. ನಾಳೆ ಚಪ್ಪಾಳೆಯೂ ಹೋದರೆ? ಡಾಕ್ಟರ್ ಹೇಳಿದ ಪ್ರಕಾರ ಒಂದು ದಿನ ಅದೂ ಹೋಗಬಹುದು. ಆದ್ದರಿಂದ ತಮ್ಮಾ, ನೀನು ಇಲ್ಲೇ ಕೂತಿದ್ದೀ, ನಿನಗೆ ಹೇಳುತ್ತೇನೆ, ಅವ್ವನ ಚಪ್ಪಾಳೆಯ ಮೇಲೆ ಭಾರ ಹಾಕಬೇಡ.

ಯೆಶಾಯ 49ನ್ನು ಮತ್ತೆ ತೆಗೆಯಿರಿ. ಯೆಹೋವನು ನನ್ನನ್ನು ಮರೆತ ಅಂತ ಚೀಯೋನ್ ಅಳುತ್ತದೆ. ಉತ್ತರದಲ್ಲಿ ದೇವರು ತಾಯಿಯ ಮಾತು ಎತ್ತುತ್ತಾನೆ. ಮೊಲೆಕೂಸನ್ನು ತಾಯಿ ಮರೆಯುವಳೇ ಅಂತ ಕೇಳಿ, ಅಲ್ಲಿಗೇ ನಿಲ್ಲಿಸುವುದಿಲ್ಲ. ಒಂದು ವೇಳೆ ಮರೆತಾಳು ಅಂತ ತಾನೇ ಒಪ್ಪುತ್ತಾನೆ. ಎಷ್ಟು ಸಲ ಈ ಭಾಗ ಬೋಧಿಸಿದ್ದೇನೆ, ಆ ಒಪ್ಪಿಗೆಯನ್ನು ದಾಟಿ ಮುಂದೆ ಓಡುತ್ತಿದ್ದೆ. ತಾಯಿ ಮಗನನ್ನು ಮರೆಯುವ ಮನೆ ಇದೆ ಅಂತ ದೇವರಿಗೆ ಗೊತ್ತು. ಆ ಮನೆಗೇ ಅವನು ಹೇಳುವುದು, ನಾನು ಮರೆಯೆನು, ನಿನ್ನನ್ನು ಅಂಗೈಯಲ್ಲಿ ಕೆತ್ತಿದ್ದೇನೆ ಅಂತ. ಕೆತ್ತಿದ್ದು ಅವನ ಅಂಗೈಯಲ್ಲಿ, ನಮ್ಮ ತಲೆಯಲ್ಲಿ ಅಲ್ಲ.

ಮಗ್ದಲದ ಮರಿಯಳ ಕಥೆಯಲ್ಲೂ ಇದೇ. ಅವಳಿಗೆ ನೆನಪು ಚೆನ್ನಾಗಿತ್ತು, ಕಣ್ಣು ಚೆನ್ನಾಗಿತ್ತು. ಎದುರಿಗೆ ನಿಂತ ಯೇಸುವನ್ನು ತೋಟಗಾರ ಅಂದುಕೊಂಡಳು. ಯಾಕೆ ಅಳುತ್ತೀ ಅಂತ ಕೇಳಿದ ಧ್ವನಿಯೂ ಗುರುತು ಸಿಗಲಿಲ್ಲ. ಅವನು ಹೆಸರು ಹಿಡಿದು ಕರೆದ, ಆಗ ತಿರುಗಿ ರಬ್ಬೂನಿ ಅಂದಳು. ಅವಳು ಗುರುತಿಸುವ ಮೊದಲು ಕರ್ತನ ಬಾಯಲ್ಲಿ ಅವಳ ಹೆಸರು ಇತ್ತು. ತೋಟಗಾರ ಅಂದುಕೊಂಡ ಆ ನಾಲ್ಕು ನಿಮಿಷ ಅವಳು ಯಾರವಳಾಗಿದ್ದಳು? ಅವನವಳೇ. ಅವ್ವನಿಗೆ ಆ ನಾಲ್ಕು ನಿಮಿಷ ನಾಲ್ಕು ವರ್ಷ ಆಗಿದೆ ಅಷ್ಟೇ, ತಮ್ಮಾ. ಅಕಿ ಸತ್ತರೆ ಎಲ್ಲಿಗೆ ಹೋಗ್ತಾಳೆ ಅಂತ ಕೇಳಿದೆಯಲ್ಲ, ಹೆಸರು ಹಿಡಿದು ಕರೆಯುವವನ ಹತ್ತಿರ ಹೋಗ್ತಾಳೆ. ಆಮೆನ್ ಹೇಳ್ರಿ.

ಬುಧವಾರ ಸಂಜೆ ಅವ್ವನ ಮನೆಯಲ್ಲಿ ಪ್ರಾರ್ಥನಾ ಕೂಟ ಇದೆ. ಮನೆ ಗೊತ್ತಿದ್ದವರು ಬನ್ನಿ, ಆದರೆ ಐದಾರು ಜನಕ್ಕಿಂತ ಹೆಚ್ಚು ಬೇಡ, ಗದ್ದಲಕ್ಕೆ ಹೆದರುತ್ತಾಳೆ. ಡೋಲಕ್ ತರಬೇಡಿ. ನನ್ನ ಗುರುತು ಸಿಕ್ಕಿತೇನವ್ವಾ ಅಂತ ಪರೀಕ್ಷೆ ಮಾಡಬೇಡಿ, ನಿಮ್ಮ ಹೆಸರು ನೀವೇ ಹೇಳಿ. ಐದು ನಿಮಿಷಕ್ಕೆ ಮತ್ತೆ ಯಾರವ್ವಾ ನೀ ಅಂತ ಕೇಳಿದರೆ ಮತ್ತೆ ಹೇಳಿ. ಮನೆಗೆ ಹೋಗೂನು ಅಂದರೆ ಆ ಮನೆ ಮುಳುಗಿದೆ ಅಂತ ಹೇಳಬೇಡಿ, ಪಕ್ಕದಲ್ಲಿ ಕೂತು ದನ ಎಷ್ಟಿದ್ದವು ಅಂತ ಕೇಳಿ, ಹೇಳುತ್ತಾಳೆ. ನಾನೂ ಈ ಸಲ ಮೆಲ್ಲಗೆ ಪ್ರಾರ್ಥಿಸುತ್ತೇನೆ.

ಎದ್ದು ನಿಲ್ಲೋಣ. ಕಣ್ಣು ಮುಚ್ಚೋಣ. ತಂದೆಯೇ, ಈ ಮನೆಗಳಲ್ಲಿ ಮಕ್ಕಳ ಹೆಸರು ಮರೆತ ತಾಯಂದಿರನ್ನೂ, ಅವರ ಹಾಸಿಗೆ ತೊಳೆಯುವ ಸೊಸೆಯಂದಿರನ್ನೂ, ತೀರದ ಸಾಲ ಹೊತ್ತ ಸಹೋದರರನ್ನೂ ನಿನ್ನ ಮುಂದೆ ತರುತ್ತೇವೆ. ಅವರ ಹೆಸರು ನಿನಗೆ ಗೊತ್ತಿದೆ. ಯೇಸುವಿನ ನಾಮದಲ್ಲಿ, ಆಮೆನ್.